ಮಂಡಿಯ ಗೋಡೆಯ ಮೇಲೆ ಮಿಣುಕಕ್ಕನ ಅಂಕಿಗಳು

ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ತರಕಾರಿ ಮಂಡಿಯ ದೊಡ್ಡ ಹಜಾರದಲ್ಲಿ ಯಾರೋ ಏಣಿ ಎಳೆದ ಸದ್ದಾಗುತ್ತದೆ. ಬಾಗಿಲ ಬಳಿ ಕಂಬಳಿ ಹೊದ್ದು ಕೂತ ಕಾವಲುಗಾರ ಕಣ್ಣು ಕೂಡ ಬಿಡುವುದಿಲ್ಲ. "ಮಿಣುಕಕ್ಕ ಬಂದ್ರು" ಎಂದು ತನಗೆ ತಾನೇ ಹೇಳಿಕೊಂಡು ಕಂಬಳಿಯನ್ನು ಇನ್ನಷ್ಟು ಮೇಲೆಳೆದುಕೊಳ್ಳುತ್ತಾನೆ. ಕಳ್ಳರು ಬುದ್ಧಿವಂತರಾದರೆ ಒಂದು ಏಣಿ ಎಳೆದುಕೊಂಡು ಬಂದರಾಯಿತು, ಇಡೀ ಮಂಡಿಯನ್ನೇ ಹೊತ್ತುಕೊಂಡು ಹೋಗಬಹುದು!

ಮಿಣುಕಕ್ಕ ಏಣಿಯನ್ನು ಗೋಡೆಗೆ ಆನಿಸಿ, ರವಿಕೆಯ ತೋಳು ಮಡಚಿ, ಸ್ವಿಚ್ ಒತ್ತುತ್ತಾರೆ. ಗೋಡೆಯ ಮೇಲೆ ಎರಡು ಬಾಗಿಲನ್ನು ಅಡ್ಡ ಮಲಗಿಸಿದಷ್ಟು ಅಗಲದ ಬೋರ್ಡು ಒಮ್ಮೆ ಕೆಮ್ಮಿದ ಹಾಗೆ ಮಿನುಗಿ, ಪೂರ್ತಿ ಕೆಂಪಾಗುತ್ತದೆ. ಆಮೇಲೆ ಪೂರ್ತಿ ಹಸಿರು. ಅಕ್ಕ ಕುತ್ತಿಗೆ ಓರೆ ಮಾಡಿಕೊಂಡು ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಹಜಾರದ ಆ ಕಡೆ, ಖಾಲಿ ಕ್ರೇಟುಗಳ ನಡುವೆ ಅವರ ಯಜಮಾನರು ನಿಂತು ಅಲ್ಲಿಂದಲೇ ನೋಡುತ್ತಾರೆ. ಎಲ್ಲ ಚುಕ್ಕಿಯೂ ಹೊತ್ತಿದೆ ಎಂದು ಖಾತ್ರಿಯಾದ ಮೇಲೆ ಹೆಬ್ಬೆರಳು ಎತ್ತುತ್ತಾರೆ. ಗಂಡ ಹೆಂಡತಿ ಇದಕ್ಕೆ "ಹಲ್ಲು ನೋಡೋದು" ಎಂದು ಹೆಸರಿಟ್ಟಿದ್ದಾರೆ. ಇವತ್ತೂ ಹೆಬ್ಬೆರಳು ಎದ್ದಿದೆ. "ಒಂದೂ ಹುಳುಕಿಲ್ಲ" ಎನ್ನುತ್ತಾ ಅಕ್ಕ ಏಣಿಯನ್ನು ಮೂಲೆಗೆ ಒರಗಿಸುತ್ತಾರೆ.

ಅಂಗಡಿಗೆ ಹೋಗಿ ದುಡ್ಡು ಕೊಟ್ಟರೆ ಹೊಸ ಬೋರ್ಡು ಸಿಗುವುದಿಲ್ಲವೇ ಎಂದು ಕೇಳಬಹುದು. ಸಿಗುತ್ತದೆ. ಆದರೆ ಈ ಬೋರ್ಡಿನಲ್ಲಿ ಅಂಗಡಿಯಿಂದ ಬಂದದ್ದು ಬಹುಶಃ ಸ್ಕ್ರೂಗಳು ಮಾತ್ರ. ಎರಡು ಅಂಗೈ ಪಕ್ಕಪಕ್ಕ ಇಟ್ಟಷ್ಟು ಅಗಲದ, ಮೈತುಂಬ ಸಾಸಿವೆ ಕಾಳಿನಂಥ ದೀಪಗಳಿರುವ ಹಲಗೆಗಳು ಇವು. ಒಂದೊಂದನ್ನೂ ಪ್ಯಾನೆಲ್ ಅನ್ನುತ್ತಾರೆ. ಒಂದು ಯಾವುದೋ ಔಷಧಿ ಅಂಗಡಿಯ ಮುಂದೆ ಮಿಂಚುತ್ತಿತ್ತು, ಇನ್ನೊಂದು ಸಂಗೀತ ಕಾರ್ಯಕ್ರಮದ ಪರದೆಯಲ್ಲಿತ್ತು, ಮತ್ತೊಂದು ಬಟ್ಟೆ ಅಂಗಡಿಯಲ್ಲಿ ಮಳೆ ನೀರು ಕುಡಿದು ಮಲಗಿತ್ತು. ಎಲ್ಲವನ್ನೂ ಆರಿಸಿ ತಂದು, ಒಣಗಿಸಿ, ಉಜ್ಜಿ, ಬೆಸುಗೆ ಹಾಕಿ ಒಂದೇ ಚೌಕಟ್ಟಿನಲ್ಲಿ ಕೂರಿಸಿದವರು ಅಕ್ಕ. ಗುಜರಿ ಸಂಸಾರ ಅಂದರೆ ಅವರಿಗೆ ಸಿಟ್ಟು ಬರುವುದಿಲ್ಲ, ನಗು ಬರುತ್ತದೆ. "ಕೂಡು ಕುಟುಂಬ ಅನ್ನಿ. ಒಬ್ಬರ ಬಣ್ಣ ಜಾಸ್ತಿ, ಒಬ್ಬರದ್ದು ಕಮ್ಮಿ. ಮಂಕಾಗಿರೋರನ್ನ ಅಂಚಿಗೆ ಕೂರಿಸ್ತೀನಿ, ಚುರುಕಾಗಿರೋರನ್ನ ನಡುವಿಗೆ. ಮನೆಗಳಲ್ಲೂ ಹಾಗೇ ಅಲ್ವಾ?"

ಅಕ್ಕ ಮೊದಲು ದುಡಿಯುತ್ತಿದ್ದದ್ದು ಸ್ವೆಟರ್ ಹೆಣೆಯುವ ಕಾರ್ಖಾನೆಯಲ್ಲಿ. ಚೌಕುಳಿ ಕಾಗದದ ಮೇಲೆ ಚುಕ್ಕಿ ಇಟ್ಟು, ಹೂವು, ಹಕ್ಕಿ, ಜಿಂಕೆ ಬಿಡಿಸಿ, ಅದನ್ನು ನೂಲಿನಲ್ಲಿ ಎಬ್ಬಿಸುವ ಕೆಲಸ. ಕಾರ್ಖಾನೆ ಬಾಗಿಲು ಹಾಕಿದಾಗ, ಸಮಾರಂಭಗಳಿಗೆ ದೊಡ್ಡ ಪರದೆಗಳನ್ನು ಬಾಡಿಗೆಗೆ ಕೊಡುವ ಗೋಡೌನಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಅಲ್ಲಿ ಮೂಲೆಯಲ್ಲಿ ಕೆಟ್ಟ ಪ್ಯಾನೆಲ್‌ಗಳ ರಾಶಿ. ಅದರ ಪಕ್ಕದಲ್ಲೇ, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ಹೊಗೆಯೊಳಗೆ ಮುಳುಗಿರುವ ಒಬ್ಬ ಮುದುಕ. ಗೋಡೌನಿನಲ್ಲಿ ಎಲ್ಲರಿಗೂ ಅವರು ಬೆಸುಗೆ ಅಜ್ಜ.

"ಪೊರಕೆ ಹಿಡ್ಕೊಂಡು ನಿಂತು ನೋಡ್ತಾ ಇದ್ದೆ. ಒಂದಿನ ಅಜ್ಜ, 'ಏನಮ್ಮಾ, ಹೀಗೆ ದಿನಾ ದಿಟ್ಟಿಸಿ ನೋಡ್ತೀಯಲ್ಲ, ದೃಷ್ಟಿ ತಗುಲೀತು' ಅಂದ್ರು. ನಾನಂದೆ, ಅಜ್ಜಾ, ಇದು ನಮ್ಮ ಸ್ವೆಟರ್ ನಕ್ಷೆ ಇದ್ದಂಗೇ ಇದೆ, ನೂಲಿನ ಬದಲು ದೀಪ ಅಷ್ಟೆ. ಅಜ್ಜ ಕನ್ನಡಕ ತೆಗೆದು ನನ್ನ ಮುಖ ನೋಡಿ, ಪೊರಕೆ ಕೆಳಗಿಡು ಅಂದ್ರು." ಇದನ್ನು ಹೇಳುವಾಗ ಅಕ್ಕನ ದನಿ ಮೆತ್ತಗಾಗುತ್ತದೆ. ಪುಣ್ಯಾತ್ಮ ಅಜ್ಜ ಗದರಿಸಿ ಅಟ್ಟಿಬಿಟ್ಟಿದ್ದರೆ ತಾನು ಇವತ್ತಿಗೂ ಗುಡಿಸುತ್ತಲೇ ಇರುತ್ತಿದ್ದೆ ಎಂಬುದು ಅವರಿಗೆ ಗೊತ್ತು. ಅಜ್ಜನದು ಒಂದೇ ಪಾಠ. ಪ್ಯಾನೆಲ್ ಯಾವತ್ತೂ ಸಾಯುವುದಿಲ್ಲ, ಮೂರ್ಛೆ ಹೋಗಿರುತ್ತದೆ, ಎಬ್ಬಿಸಲು ತಾಳ್ಮೆ ಬೇಕು.

ಆ ತಾಳ್ಮೆ ಅಕ್ಕನಿಗೆ ಬೇಕಾಗಿ ಬಂದದ್ದು ಮನೆಯಲ್ಲೇ. ಯಜಮಾನರು ಇದೇ ಮಂಡಿಯಲ್ಲಿ ಹಮಾಲಿ. ಲಾರಿ ಬಂದಾಗ ಒಬ್ಬಾತ ಎತ್ತರದ ಕಟ್ಟೆಯ ಮೇಲೆ ನಿಂತು ಹಮಾಲಿಯ ನಂಬರನ್ನೂ ಬಾಗಿಲಿನ ನಂಬರನ್ನೂ ಕೂಗುತ್ತಾನೆ. ನಂಬರು ಬಂದವರು ಆ ಬಾಗಿಲಿಗೆ ಓಡಬೇಕು. ಕೂಗುವವನಿಗೆ ಮಂಡಿಯವರು ಗಂಟಲಣ್ಣ ಎಂದೇ ಹೆಸರಿಟ್ಟಿದ್ದಾರೆ. ಆದರೆ ಎಂಥ ಗಂಟಲಾದರೇನು, ಯಜಮಾನರ ಕಿವಿ ಜ್ವರವೊಂದರ ನಂತರ ಮಂದವಾಗುತ್ತಾ ಹೋಯಿತು. ಅವರು ಯಾರಿಗೂ ಹೇಳಲಿಲ್ಲ. ಗಂಡಸರ ಈ ಬಿಂಕ ಇದೆಯಲ್ಲ, ಅದಕ್ಕೆ ಮದ್ದೇ ಇಲ್ಲ.

ಒಂದು ದಿನ ಅವರು ಒಂದೂ ಮೂಟೆ ಹೊರದೆ ಮನೆಗೆ ಬಂದರು. "ಇವತ್ತು ನನ್ನನ್ನ ಕರೀಲೇ ಇಲ್ಲ ಕಣೇ" ಎಂದು ಹೇಳಿ ಗೋಡೆಗೆ ಒರಗಿ ಕೂತರು. ಕರೆದಿದ್ದರು. ಮತ್ತೆ ಮತ್ತೆ ಕರೆದಿದ್ದರು. ಸಂಜೆ ಹಮಾಲರ ಮೇಸ್ತ್ರಿ ಮನೆಗೇ ಬಂದು, ಬಾಗಿಲ ಹೊರಗೇ ನಿಂತು, "ಅಕ್ಕಾ, ತಪ್ಪು ತಿಳ್ಕೋಬೇಡಿ. ಹಿಂದೆ ಬರೋ ಗಾಡಿ ಹಾರನ್ನೂ ಇವನಿಗೆ ಕೇಳ್ತಿಲ್ಲ. ಏನಾದ್ರೂ ಆದ್ರೆ ನಾನು ನಿಮಗೆ ಹೇಗೆ ಮುಖ ತೋರಿಸ್ಲಿ? ಮನೇಲಿರಲಿ" ಎಂದರು. ಅವರೇನೂ ಕೆಟ್ಟ ಮನುಷ್ಯರಲ್ಲ, ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು. ಆದರೆ ಮೂಟೆ ಹೊತ್ತು ಬೆಳೆದ ಬೆನ್ನು ಸುಮ್ಮನೆ ಕೂತರೆ ಹೇಗಾಗುತ್ತದೆ ಎಂಬುದನ್ನು ಅಕ್ಕ ಮುಂದಿನ ದಿನಗಳಲ್ಲಿ ನೋಡಿದರು. ಅನ್ನ ಮುಂದಿಟ್ಟರೆ ಇಟ್ಟಲ್ಲೇ ಇರುತ್ತಿತ್ತು.

ಅಕ್ಕ ಗೋಡೌನಿನ ಮಾಲೀಕರ ಮುಂದೆ ಹೋಗಿ ನಿಂತರು. ಮೂಲೆಯ ರಾಶಿಯಿಂದ ಆರಿಸಿಕೊಳ್ಳಲೇ ಎಂದು ಕೇಳಿದರು. "ಅಯ್ಯೋ ತಗೊಂಡ್ಹೋಗಮ್ಮ, ನನಗೂ ಜಾಗ ಬಿಡುತ್ತೆ" ಎಂದ ಆ ಮನುಷ್ಯ, ಸಂಜೆ ತಮ್ಮ ಟೆಂಪೋದಲ್ಲೇ ರಾಶಿಯನ್ನು ಮನೆಗೆ ಕಳಿಸಿಕೊಟ್ಟರು. ಈಗಲೂ ಕೆಟ್ಟ ಪ್ಯಾನೆಲ್ ಬಂದರೆ ಮೊದಲ ಫೋನು ಅಕ್ಕನಿಗೇ. "ನನಗೆ ಸಿಕ್ಕೋರೆಲ್ಲ ಒಳ್ಳೇವರೇ" ಎನ್ನುತ್ತಾರೆ ಅಕ್ಕ. "ಇಲ್ಲ ಅನ್ನೋಕೆ ಅವರಿಗೆ ಎಷ್ಟು ಕಾರಣ ಇತ್ತು ಹೇಳಿ! ಒಬ್ಬರಾದ್ರೂ ಅನ್ನಲಿಲ್ಲ."

ಮನೆಯ ಮುಂದಿನ ಕೋಣೆ ಅಂದಿನಿಂದ ಕಾರ್ಖಾನೆಯಾಯಿತು. ಮಂಚದ ಕೆಳಗೆ ವೈರು, ಕಿಟಕಿಯಲ್ಲಿ ಒಣಗಲು ನಿಂತ ಪ್ಯಾನೆಲ್‌ಗಳು, ಅನ್ನದ ಪಾತ್ರೆಯ ಪಕ್ಕ ಬೆಸುಗೆಯ ಸೀಸ ಎಂದು ಮಗಳು ಜಗಳ ತೆಗೆದ ಮೇಲೆ ಅದಕ್ಕೊಂದು ಬೇರೆ ಮೇಜು. ಮೊದಲ ಬೋರ್ಡು ಮಂಡಿಯ ಗೋಡೆ ಹತ್ತಿದಾಗ ಊರೆಲ್ಲ ನೋಡಲು ಬಂದಿತ್ತು. ಗಂಟಲಣ್ಣ ಕೈಯಲ್ಲಿನ ಗುಂಡಿಗಳನ್ನು ಒತ್ತಿದರೆ ಎಡಕ್ಕೆ ಹಸಿರಲ್ಲಿ ಹಮಾಲಿಯ ನಂಬರು, ಬಲಕ್ಕೆ ಕೆಂಪಲ್ಲಿ ಬಾಗಿಲಿನ ನಂಬರು. ಮೇಸ್ತ್ರಿ ಬಾಯಿ ತೆರೆದುಕೊಂಡು ನೋಡಿ, "ನಾಳೆಯಿಂದ ಬಾರಯ್ಯ" ಎಂದರು.

ಎಲ್ಲ ಸಲೀಸಾಗಿ ಆಯಿತೆಂದಲ್ಲ. ಒಂದು ಬೆಳಗ್ಗೆ ನಡುವಿನ ಒಂದು ಸಾಲು ದೀಪ ಕೈಕೊಟ್ಟು, ಎಂಟನೇ ಬಾಗಿಲು ಸೊನ್ನೆಯಾಗಿ ಕಂಡಿತು. ಯಜಮಾನರು ಸೊನ್ನೆ ನಂಬರಿನ ಬಾಗಿಲು ಹುಡುಕುತ್ತಾ ಇಡೀ ಮಂಡಿ ಸುತ್ತಿದರು! ಇವತ್ತಿಗೂ ಯಾರಾದರೂ ಕೆಲಸ ತಪ್ಪಿಸಿಕೊಂಡರೆ ಹಮಾಲರು "ಸೊನ್ನೆ ಬಾಗಿಲಿಗೆ ಹೋಗಿದಾನೆ" ಎನ್ನುತ್ತಾರೆ. ಅಕ್ಕ ಅಂದೇ ಹಳೆಯ ಚೌಕುಳಿ ಕಾಗದ ತೆಗೆದು, ಅಂಕಿಗಳನ್ನು ಎರಡೆಳೆ ದಪ್ಪಕ್ಕೆ ಹೊಸದಾಗಿ ಬಿಡಿಸಿದರು. ಒಂದು ಎಳೆ ಹೋದರೂ ಇನ್ನೊಂದು ಹಿಡಿದುಕೊಳ್ಳುತ್ತದೆ. ಆಮೇಲೆ ದವಾಖಾನೆಯವರು ಸರದಿ ತೋರಿಸಲು ಒಂದು ಕೇಳಿದರು, ಆಟದ ಮೈದಾನದವರು ಅಂಕ ತೋರಿಸಲು ಒಂದು. ಮಾಡಿಕೊಟ್ಟಿದ್ದಾರೆ.

ಮನೆಯ ಅಡುಗೆ ಕೋಣೆಯಲ್ಲೂ ಒಂದು ಪುಟ್ಟ ಬೋರ್ಡಿದೆ. ಯಜಮಾನರಿಗೆ ತುಟಿ ಓದಲು ಬರುತ್ತದೆ, ಆದರೆ ಬೆನ್ನು ತಿರುಗಿಸಿ ಕೂತಾಗ ಏನು ಮಾಡುವುದು? ಅಕ್ಕ ಫೋನಿನಲ್ಲಿ ಬರೆದರೆ ಗೋಡೆಯ ಮೇಲೆ ಓಡುತ್ತದೆ. "ಜಗಳ ಆಡೋದೇ ತಪ್ಪಿಹೋಗಿದೆ. ಬೈಗಳನ್ನೆಲ್ಲ ಬರೆದು ಮುಗಿಸೋ ಹೊತ್ತಿಗೆ ಸಿಟ್ಟೇ ಇಳಿದಿರುತ್ತೆ. ಅರ್ಧ ಬರೆದದ್ದನ್ನ ಅಳಿಸಿ 'ಊಟಕ್ಕೆ ಬನ್ನಿ' ಅಂತ ಹಾಕಿಬಿಡ್ತೀನಿ" ಎಂದು ಅಕ್ಕ ನಗುತ್ತಾರೆ. ಯಜಮಾನರು ಅಷ್ಟನ್ನು ತುಟಿಯಲ್ಲೇ ಓದಿಕೊಂಡು, "ಕೆಲವು ಸಲ ಅಳಿಸೋದು ಮರೀತಾಳೆ" ಎನ್ನುತ್ತಾರೆ.

ಇಷ್ಟೆಲ್ಲ ನಗುವಿನ ನಡುವೆ ಅಕ್ಕನನ್ನು ಒಳಗೊಳಗೇ ಕೊರೆಯುವುದು ಒಂದಿದೆ. ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಇಳಿಯುವಷ್ಟು ದೂರದ ಊರಿನಲ್ಲಿ ಮಗಳಿಗೆ ಮಗು ಹುಟ್ಟಿದೆ. ಹೆಣ್ಣು ಕೂಸು. ಆಗಲೇ ಮಗುಚಿಕೊಳ್ಳಲು ಕಲಿತಿದೆ. ಅಜ್ಜಿ ಅದನ್ನು ಇನ್ನೂ ಫೋನಿನ ಗಾಜಿನಲ್ಲಿ ಮಾತ್ರ ನೋಡಿದ್ದಾರೆ. ಮಗಳು ದಿನವೂ ಕೇಳುತ್ತಾಳೆ, "ಅಮ್ಮಾ, ಆ ಬೋರ್ಡಿಗೆ ಸ್ವಲ್ಪ ದಿನ ರಜಾ ಕೊಡು." ಅಕ್ಕನ ಉತ್ತರವೂ ದಿನಾ ಒಂದೇ: "ಬೋರ್ಡಿಗೆ ರಜಾ ಕೊಟ್ರೆ ನಿಮ್ಮಪ್ಪನಿಗೂ ರಜಾ ಆಗುತ್ತೆ ಕಣೇ." ಹಳೆಯ ಪ್ಯಾನೆಲ್‌ಗಳಲ್ಲವೇ, ಯಾವತ್ತು ಯಾವುದಕ್ಕೆ ನೆಗಡಿಯೋ ಹೇಳಲಾಗುವುದಿಲ್ಲ. ತಾನಿಲ್ಲದ ದಿನ ಬೋರ್ಡು ಆರಿಹೋದರೆ? ಯಜಮಾನರು ಮತ್ತೆ ಹಜಾರದ ನಡುವೆ, ಕೇಳಿಸದ ಕರೆಗೆ ಕಾಯುತ್ತಾ ನಿಂತುಬಿಟ್ಟರೆ? ಜ್ವರ ಬಂದ ದಿನವೂ ಅಕ್ಕ ಏಣಿ ಹತ್ತಿದ್ದಾರೆ. ಕೂಸಿಗೆಂದು ಹೆಣೆದ ಸ್ವೆಟರು ಕಪಾಟಿನಲ್ಲಿದೆ. ಈಗ ಅದು ಚಿಕ್ಕದಾಗಿರಬಹುದು ಎಂದು ಇನ್ನೊಂದು ಹೆಣೆಯಲು ಶುರು ಮಾಡಿದ್ದಾರೆ.

ಬೆಳಕು ಹರಿದಿದೆ. ಮೊದಲ ಲಾರಿ ಹಿಮ್ಮುಖವಾಗಿ ಬಾಗಿಲಿಗೆ ಬಂದು ನಿಲ್ಲುತ್ತದೆ. ಗಂಟಲಣ್ಣ ಕಟ್ಟೆ ಹತ್ತಿ, ಅಭ್ಯಾಸಬಲದಿಂದ ಒಮ್ಮೆ ಕೆಮ್ಮಿ, ಗುಂಡಿ ಒತ್ತುತ್ತಾನೆ. ಬೋರ್ಡಿನ ಬಲಗಡೆ ಮೂಡಿದ್ದು ಮಾತ್ರ ಅಂಕಿಯೇ ಅಲ್ಲ. ತಲೆ ಕೆಳಗೆ, ಕಾಲು ಮೇಲೆ, ನಡುವೆ ಚೂರುಚೂರು. ಇನ್ನೊಂದು ಒತ್ತಿದರೂ ಅದೇ ಚಿಂದಿ. "ಅಕ್ಕಾ, ಇದೇನು ಕೋಳಿ ಕೆದಕಿದ ಹಾಗಿದೆಯಲ್ಲ!" ಎಂದು ಯಾರೋ ಕೂಗುತ್ತಾರೆ.

ಅಕ್ಕನಿಗೆ ಒಂದು ಕ್ಷಣ ತಲೆಯೇ ಓಡುವುದಿಲ್ಲ. ಹಲ್ಲು ನೋಡಿದಾಗ ಎಲ್ಲ ಸರಿಯಿತ್ತಲ್ಲ! ಆಮೇಲೆ ಹೊಳೆದು, ಹಣೆ ಚಚ್ಚಿಕೊಳ್ಳುತ್ತಾರೆ. ನಿನ್ನೆ ಸಂಜೆ ಮಂಕಾಗಿದ್ದ ಒಂದು ಪ್ಯಾನೆಲ್ ಬದಲಿಸಿದ್ದರು. ಮುಂದಿನಿಂದ ನೋಡಿದರೆ ಎಲ್ಲ ಪ್ಯಾನೆಲ್ಲೂ ಅವಳಿಜವಳಿ, ಬೆನ್ನು ತಿರುಗಿಸಿದರೆ ಮಾತ್ರ ಒಂದೊಂದರ ದೀಪ ಆಡಿಸುವ ಚಿಪ್ ಒಂದೊಂದು ಥರ. ಬೇರೆ ಥರದ್ದನ್ನು ಸೇರಿಸಿದರೆ ಎಲ್ಲ ದೀಪ ಒಟ್ಟಿಗೆ ಹೊತ್ತಿಸುವಾಗ ಜಾಣನಂತೆ ಇರುತ್ತದೆ. ಅಂಕಿ ಬಿಡಿಸು ಎಂದರೆ ಸಾಲುಗಳನ್ನು ಅದಲುಬದಲು ಮಾಡುತ್ತದೆ, ಅದರಿಂದ ಮುಂದಿನ ಪ್ಯಾನೆಲ್‌ಗಳಿಗೆ ಹೋಗಬೇಕಾದ ಸುದ್ದಿಯನ್ನೂ ಕೆಡಿಸುತ್ತದೆ. ಅದಕ್ಕೇ ಅಕ್ಕ ಒಂದೊಂದು ಜಾತಿಗೆ ಒಂದೊಂದು ಬಣ್ಣದ ನೂಲು ಕಟ್ಟಿಡುತ್ತಾರೆ. ನಿನ್ನೆ ನೂಲು ನೋಡಲಿಲ್ಲ. ಕೈ ಪ್ಯಾನೆಲ್ ಸಿಕ್ಕಿಸುತ್ತಿದ್ದಾಗ ಕಣ್ಣು ಫೋನಿನಲ್ಲಿತ್ತು, ಕೂಸು ಆಕಳಿಸುತ್ತಿತ್ತು.

"ಹಾಳಾದ ಕಣ್ಣು" ಎಂದು ತಮ್ಮನ್ನೇ ಬೈದುಕೊಳ್ಳುತ್ತಾ ಬೋರ್ಡು ಆರಿಸಿ, ಏಣಿ ಎಳೆದು, ಸರಸರ ಮೇಲೆ ಹತ್ತುತ್ತಾರೆ. ಕೆಳಗೆ ಲಾರಿಗಳು ಒಂದರ ಹಿಂದೊಂದು ಬರುತ್ತಿವೆ. ಗಂಟಲಣ್ಣ ಹಳೆಯ ಕಾಲದಂತೆ ಕೈಗಳನ್ನು ಬಾಯಿಗೆ ಆನಿಸಿ ಕೂಗತೊಡಗಿದ್ದಾನೆ. ಅಕ್ಕನ ಕೈ ಸ್ಕ್ರೂ ಬಿಚ್ಚುತ್ತಿದೆ. ಕರೆದು ಹೇಳೋಣವೆಂದರೆ ಯಾರಿಗೆ ಕೇಳಿಸಬೇಕೋ ಅವರಿಗೇ ಕೇಳಿಸುವುದಿಲ್ಲ. ತಿರುಗಿ ನೋಡಲು ಧೈರ್ಯ ಸಾಲುವುದಿಲ್ಲ. ಆದರೂ ನೋಡುತ್ತಾರೆ.

ಯಜಮಾನರು ಹಜಾರದಲ್ಲಿ ಇಲ್ಲ. ಏಣಿಯ ಮೇಲಿನಿಂದ ಕಂಬಗಳಾಚೆಯ ಹಿಂದಿನ ಅಂಗಳ ಕಾಣುತ್ತದೆ. ಕೆಳಗೆ ನಿಂತವರಿಗೆ ಅದು ಕಾಣುವುದೇ ಇಲ್ಲ. ಅಲ್ಲಿ ಅವರು ಕೋಸಿನ ಮೂಟೆ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಾರೆ. ಗಂಟಲಣ್ಣ ಏನೋ ಕೂಗುತ್ತಾನೆ. ಅವರ ಪಕ್ಕ ಹಾದುಹೋಗುತ್ತಿದ್ದ ಹಮಾಲಿಯೊಬ್ಬ ತಲೆಯ ಮೇಲೆ ಮೂಟೆ ಇದ್ದ ಹಾಗೇ, ನಡೆಯುತ್ತಿದ್ದ ಹಾಗೇ, ಒಂದು ಕೈ ಚಾಚಿ ಐದು ಬೆರಳು ತೋರಿಸಿ ಕಣ್ಣು ಉಜ್ಜಿಕೊಳ್ಳುತ್ತಾನೆ. ಯಜಮಾನರು ತಲೆಯಾಡಿಸಿ ಐದನೇ ಬಾಗಿಲಿಗೆ ಹೋಗಿ ಈರುಳ್ಳಿ ಮೂಟೆ ಹೊರುತ್ತಾರೆ. ಮುಂದಿನ ಸಲ ಮೇಸ್ತ್ರಿ ಎರಡು ಬೆರಳೆತ್ತಿ ಮೂಗು ಹಿಡಿದುಕೊಳ್ಳುತ್ತಾರೆ. ಎರಡನೇ ಬಾಗಿಲು, ಬೆಳ್ಳುಳ್ಳಿ. ಹಿಂದೆ ಗಾಡಿ ಬಂದಾಗ ಎದುರಿನವನು ಅಂಗೈ ಅಡ್ಡ ಹಿಡಿಯುತ್ತಾನೆ, ಯಜಮಾನರು ಹಿಂದೆ ತಿರುಗಿ ನೋಡದೆಯೇ ಪಕ್ಕಕ್ಕೆ ಸರಿಯುತ್ತಾರೆ. ಯಾರೂ ತಡವರಿಸುವುದಿಲ್ಲ, ಯಾರೂ ನಗುವುದಿಲ್ಲ. ಇವತ್ತು ಬೋರ್ಡು ಕೆಟ್ಟಿತೆಂದು ಹುಟ್ಟಿದ ಭಾಷೆಯಲ್ಲ ಇದು, ಎಲ್ಲರ ಕೈಯಲ್ಲೂ ಪಳಗಿದ್ದು.

ಅಕ್ಕ ಪ್ಯಾನೆಲ್ ಕಂಕುಳಲ್ಲಿಟ್ಟುಕೊಂಡು ನಿಧಾನಕ್ಕೆ ಇಳಿಯುತ್ತಾರೆ. ಬೆವರು ಒರೆಸುತ್ತಾ ಹಜಾರಕ್ಕೆ ಬಂದ ಯಜಮಾನರಿಗೆ ಏಣಿ ಕಾಣುತ್ತದೆ, ಏಣಿಯ ಕೆಳಗಿನ ಹೆಂಡತಿಯ ಮುಖ ಕಾಣುತ್ತದೆ. ಬೆಣ್ಣೆ ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತುಬಿಡುತ್ತಾರೆ.

"ಯಾವಾಗಿಂದ ರೀ ಇದೆಲ್ಲ?"

"ಬೋರ್ಡು ಹಾಕಿದಾಗಿಂದಾನೇ. ಹಿಂದಿನ ಅಂಗಳಕ್ಕೆ ಬೋರ್ಡು ಕಾಣಲ್ವಲ್ಲ. ಅಲ್ಲಿ ಮೊದಲು ಮೇಸ್ತ್ರಿ ಶುರು ಮಾಡಿದ್ರು. ಆಮೇಲೆ ಎಲ್ರೂ."

"ನನಗ್ಯಾಕೆ ಒಂದು ಮಾತು ಹೇಳ್ಲಿಲ್ಲ?"

ಯಜಮಾನರು ಕಾಲಬೆರಳು ನೋಡಿಕೊಳ್ಳುತ್ತಾರೆ. "ಕಣ್ಣು ಕೆಂಪು ಮಾಡ್ಕೊಂಡು ನನಗೋಸ್ಕರ ಮಾಡ್ದೆ. ಅದಿಲ್ದೆನೂ ನಡೆಯುತ್ತೆ ಅಂದ್ರೆ ನಿನ್ನ ಮನಸ್ಸು ನೋಯಲ್ವೇನೇ?"

ನೋಯುತ್ತದೆ. ಸುಳ್ಳೇಕೆ ಹೇಳಬೇಕು? ಇಷ್ಟು ವರ್ಷ ಇಡೀ ಮಂಡಿಯನ್ನೇ ಎತ್ತಿ ಹಿಡಿದಿದ್ದೇನೆ ಅಂದುಕೊಂಡವರಿಗೆ, ಹಿತ್ತಲಲ್ಲಿ ಇನ್ನೂ ಹತ್ತಾರು ಕೈ ಇದ್ದವು ಎಂದು ಗೊತ್ತಾದರೆ ಹೇಗಾಗಬೇಡ? ಮೇಸ್ತ್ರಿ ಹತ್ತಿರ ಬಂದು ತಲೆ ಕೆರೆಯುತ್ತಾರೆ. "ಬೋರ್ಡು ನಮಗೆ ಬೇಕೇ ಬೇಕು ಅಕ್ಕಾ, ಅದನ್ನ ನೋಡ್ಕೊಂಡೇ ನಾವೆಲ್ಲ ಇರೋದು. ಗಂಟಲಣ್ಣನ ಗಂಟಲು ಉಳಿದಿರೋದೂ ಅದ್ರಿಂದಾನೇ. ಆದ್ರೆ ಸ್ವಲ್ಪ ದಿನ ಕೆಟ್ಟು ಕೂತ್ರೆ ಆಕಾಶ ಕಳಚಿ ಬೀಳಲ್ಲ. ಅವತ್ತು ನಿಮ್ಮನೆ ಬಾಗಿಲಲ್ಲಿ ನಿಂತು ಆಡಬಾರದ ಮಾತು ಆಡಿದ್ನಲ್ಲ, ಆಮೇಲೆ ನಾನೂ ಏನಾದ್ರೂ ಮಾಡಬೇಡ್ವಾ?"

ಅಕ್ಕ ಪ್ಯಾನೆಲನ್ನು ಕೆಳಗಿಡುತ್ತಾರೆ. ಮೇಸ್ತ್ರಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾರೆ. "ಅಯ್ಯಯ್ಯೋ, ಬೆಳ್ಳುಳ್ಳಿ ಕೈ ಅಕ್ಕಾ, ಉರಿಯುತ್ತೆ!" ಎಂದು ಅವರು ಗಾಬರಿಯಿಂದ ಕೈ ಎಳೆದುಕೊಳ್ಳುತ್ತಾರೆ. ಸುತ್ತ ನಿಂತವರು ಗೊಳ್ಳೆಂದು ನಗುತ್ತಾರೆ. ಅಕ್ಕನೂ ನಗುತ್ತಾರೆ. ಕಣ್ಣೀರು ಬೆಳ್ಳುಳ್ಳಿಯದೋ ಮತ್ತೊಂದರದೋ, ಕೇಳುವವರು ಯಾರು?

ಸರಿಯಾದ ಪ್ಯಾನೆಲ್ ಮನೆಯಲ್ಲಿದೆ. ಬೇರೆ ದಿನವಾಗಿದ್ದರೆ ಅಕ್ಕ ಓಡಿಹೋಗಿ ತರುತ್ತಿದ್ದರು. ಇವತ್ತು ಒಂದು ಖಾಲಿ ಕ್ರೇಟು ಮಗುಚಿ ಹಾಕಿ, ಮಂಡಿಯ ಗದ್ದಲದ ನಡುವೆ ಕೂತು, ಮಗಳಿಗೆ ಫೋನು ಹಚ್ಚುತ್ತಾರೆ. ಗಂಟಲಣ್ಣನ ಕೂಗಿಗೆ ಆ ಕಡೆಯವಳಿಗೆ ಏನೂ ಕೇಳಿಸುತ್ತಿಲ್ಲ, ಇವರು ಎರಡೆರಡು ಸಲ ಹೇಳಬೇಕಾಗುತ್ತದೆ.

"ಇವತ್ತಿನ ರಾತ್ರಿ ರೈಲಿಗೇ ಹೊರಟೆ ಕಣೇ. ಹೂಂ, ನಿಜವಾಗ್ಲೂ. ಬೋರ್ಡಾ? ಕೆಟ್ಟಿದೆ. ಇನ್ನೂ ರಿಪೇರಿ ಮಾಡಿಲ್ಲ." ಅಕ್ಕ ಕತ್ತು ತಿರುಗಿಸಿ ಅಂಗಳದ ಕಡೆ ನೋಡುತ್ತಾರೆ. "ನಿಮ್ಮಪ್ಪನಾ? ಕೆಲಸದಲ್ಲಿದ್ದಾರೆ."